ಆಚೆ ಕಾಲಿಡದ ಬೆಕ್ಕಿಗೂ ಚಿಗಟ, ಏನ್ ಮಾಡ್ಲಿ?

ಮಿನ್ನಿ_ಮನೆ:
ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ಮೂರನೇ ಫ್ಲೋರ್ ಬಾಡಿಗೆ ಮನೆ, ಇಬ್ರು ಬೆಕ್ಕು. ಮಿನ್ನಿಗೆ 4 ವರ್ಷ, ಒಂದಿನಾನೂ ಬಾಗಿಲು ದಾಟಿದವಳಲ್ಲ. ಹೋದ ತಿಂಗಳು ಪಾರ್ಕಿಂಗಲ್ಲಿ ಒಂದು ಮರಿ ಸಿಕ್ತು, ಈಗ ಸುಮಾರು 7 ವಾರ ಇರ್ಬೋದು, ಅದೂ ನಮ್ಮ ಜೊತೆನೇ. ಒಂದು ವಾರದಿಂದ ಮಿನ್ನಿ ಕುಂತಲ್ಲಿ ಕೂರ್ತಿಲ್ಲ, ಬಾಲದ ಬುಡ ಕಚ್ಚಿ ಕಚ್ಚಿ ಅಲ್ಲಿ ಕೂದಲೇ ಹೋಗಿದೆ, ಬಿಳಿ ಬೆಡ್‌ಶೀಟ್ ಮೇಲೆ ಮೆಣಸಿನಪುಡಿ ಉದುರಿದ ಹಾಗೆ ಕರಿ ಕರಿ ಪುಡಿ. ನನ್ನ ಕಾಲ ಗಿಣ್ಣಿನ ಹತ್ರಾನೂ ಸಾಲಾಗಿ ಕೆಂಪು ಗುಳ್ಳೆ. ಪಕ್ಕದ ಮನೆಯವ್ರು ಅವ್ರ ನಾಯಿಗೆ ಹಾಕೋ ಡ್ರಾಪ್ಸ್ ಉಳಿದಿದೆ ತಗೊಳ್ಳಿ ಅಂತಿದಾರೆ, ಅರ್ಧ ಹಾಕ್ಬೋದಾ? ನೆಲ ಒರೆಸೋಕೆ ಫಿನಾಯಿಲ್ ಜಾಸ್ತಿ ಹಾಕಿದ್ರೆ ಸಾಯುತ್ತಾ? ಬೇಗ ಹೇಳಿ, ರಾತ್ರಿ ನಿದ್ದೆ ಇಲ್ಲ.

ಒಂಟಿಕೊಪ್ಪಲು:
ನಾಯಿ ಡ್ರಾಪ್ಸ್ ಹಾಕ್ಲೇಬೇಡಿ ದಯವಿಟ್ಟು, ಅರ್ಧಾನೂ ಬೇಡ, ಕಾಲು ಭಾಗಾನೂ ಬೇಡ!! ನಾಯಿಗೆ ಬರೋ ಎಷ್ಟೋ ಔಷಧೀಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಬೆಕ್ಕಿನ ಲಿವರ್‌ಗೆ ಅದನ್ನ ಕರಗಿಸೋ ಶಕ್ತಿ ಇಲ್ಲ. ನಮ್ಮ ಮನೇಲೇ ಆಗಿದ್ದು ಇದು, ಅಂಗಡಿಯವ್ರು ಎರಡಕ್ಕೂ ಒಂದೇ ಅಂತ ಕೊಟ್ರು, ನಾನೂ ನಂಬಿ ಹಾಕ್ದೆ, ಸಂಜೆ ಹೊತ್ತಿಗೆ ಜೊಲ್ಲು ಸುರಿಸ್ಕೊಂಡು ಕಿವಿ ಅದುರೋಕೆ ಶುರು, ಆಮೇಲೆ ಮೈಯೆಲ್ಲ ನಡುಕ. ಎರಡು ದಿನ ಡ್ರಿಪ್ ಮೇಲಿತ್ತು, ಬದುಕ್ತು. ಫಿನಾಯಿಲ್, ಕರ್ಪೂರ, ನುಸಿಗುಳಿಗೆ ಇವೂ ಬೆಕ್ಕಿಗೆ ವಿಷಾನೇ, ಒರೆಸಿದ ನೆಲದ ಮೇಲೆ ಓಡಾಡಿ ಪಾದ ನೆಕ್ಕುತ್ವಲ್ಲ.

ಆ ಕರಿ ಪುಡೀನ ಒದ್ದೆ ಟಿಶ್ಯೂ ಮೇಲಿಟ್ಟು ಒತ್ತಿ. ಸುತ್ತ ಕೆಂಪು ಕಂದು ಬಣ್ಣ ಬಿಟ್ರೆ ಅದು ಚಿಗಟದ ಹಿಕ್ಕೆ, ಅಂದ್ರೆ ಬೆಕ್ಕಿನದೇ ರಕ್ತ.

ಮಳೆಗಾಲ_ಸಾಗರ:
ಮರಿ ಜೊತೆ ಬಂದಿರೋ ಸಾಧ್ಯತೆ ಜಾಸ್ತಿ, ಆದ್ರೆ ಮರಿ ಇಲ್ದಿದ್ರೂ ಬರುತ್ತೆ, ಮೆಟ್ಟಿಲ ಮೇಲೆ ಮಲಗೋ ಬೀದಿ ನಾಯಿ, ಇಲಿ, ನಮ್ಮ ಪ್ಯಾಂಟಿನ ತುದಿ, ಏನಾದ್ರೂ ಸಾಕು.

ಮುಖ್ಯವಾದ್ದು ಏನಂದ್ರೆ ಬೆಕ್ಕಿನ ಮೈಮೇಲೆ ಕಾಣೋದು ಸ್ವಲ್ಪಾನೇ, ಉಳಿದಿದ್ದೆಲ್ಲ ಮನೇಲಿದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡ್ಬೋದು, ಅವು ಕೂದಲಿಗೆ ಅಂಟಲ್ಲ, ಬೆಕ್ಕು ಮಲಗಿದ ಕಡೆಯೆಲ್ಲ ಉದುರುತ್ವೆ. ಹುಳ ಆಗಿ ದಿವಾನ್ ಕೆಳಗೆ, ಟೈಲ್ಸ್ ಸಂದೀಲಿ, ಕತ್ತಲಿರೋ ಕಡೆ ಸೇರ್ಕೊಂಡು ಗೂಡು ಕಟ್ಟುತ್ವೆ. ಗೂಡೊಳಗೆ ಇರೋದಕ್ಕೆ ಸ್ಪ್ರೇ ಹೊಡೆದ್ರೂ ಅಷ್ಟಾಗಿ ನಾಟಲ್ಲ, ತಿಂಗಳುಗಟ್ಲೆ ಕಾಯುತ್ವೆ, ನಡೆದಾಡೋ ಅದುರು, ಮೈ ಬಿಸಿ ಗೊತ್ತಾದ್ರೆ ಹೊರಗೆ ಬರೋದು. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬೀಗ ತೆಗೆದ ತಕ್ಷಣ ಕಾಲಿಗೆ ಮುತ್ತೋದು ಇದಕ್ಕೇ. ಆದ್ರಿಂದ ಮೊದಲ ಎರಡು ವಾರ ದಿನಾ ವ್ಯಾಕ್ಯೂಮ್ ಮಾಡಿ, ಸೋಫಾ ಕುಶನ್ ಎತ್ತಿ ಅದರ ಅಡೀನೂ ಬಿಡ್ಬೇಡಿ, ಧೂಳನ್ನ ಕವರ್‌ಗೆ ಹಾಕಿ ಗಂಟು ಕಟ್ಟಿ ಅವತ್ತೇ ಹೊರಗೆ ಕಳಿಸಿ. ಬೆಡ್‌ಶೀಟ್, ಬೆಕ್ಕಿನ ಬಟ್ಟೆ 60 ಡಿಗ್ರಿ ಬಿಸಿ ನೀರಲ್ಲಿ. ಹತ್ತಿ ಹಾಸಿಗೆ ಒಗೆಯೋಕಾಗಲ್ಲ, ಟೆರೇಸ್ ಮೇಲೆ ಒಳ್ಳೆ ಬಿಸಿಲಿಗೆ ಹಾಕಿ ಎರಡೂ ಕಡೆ ಬಡೀರಿ.

ಮಿನ್ನಿಗೆ ಡಾಕ್ಟ್ರು ತೂಕ ನೋಡಿ ಬೆಕ್ಕಿಗೇ ಅಂತ ಇರೋ ಸ್ಪಾಟ್ ಆನ್ (ಚರ್ಮದ ಮೇಲೆ ಬಿಡೋ ಡ್ರಾಪ್ಸ್) ಬರೀತಾರೆ, ಫಿಪ್ರೊನಿಲ್ಲೋ ಸೆಲಾಮೆಕ್ಟಿನ್ನೋ. ಕತ್ತಿನ ಹಿಂದೆ ಕೂದಲು ಬಿಡಿಸಿ ಚರ್ಮಕ್ಕೇ ಬೀಳ್ಬೇಕು, ನಾಲಿಗೆ ಎಟುಕದ ಜಾಗ ಅದು. ಚಿಗಟ ಕಾಣಿಸ್ತಿಲ್ಲ ಅಂತ ಒಂದೇ ತಿಂಗಳಿಗೆ ನಿಲ್ಲಿಸ್ಬೇಡಿ, ಮೂರು ತಿಂಗಳಾದ್ರೂ ಹಾಕಿ.

ಪುಟ್ಟಿ_ಬೆಳ್ಳಿ:
ಮರಿದು ನನಗೆ ಹೆಚ್ಚು ಚಿಂತೆ. 8 ವಾರ ಆಗದೆ ಡಾಕ್ಟ್ರನ್ನ ಕೇಳ್ದೆ ಏನೂ ಹಾಕ್ಬೇಡಿ, ಸಣ್ಣ ಹಲ್ಲಿನ ಚಿಗಟದ ಬಾಚಣಿಗೆ ತಗೊಂಡು ಕತ್ತು, ಬಾಲದ ಬುಡ ಬಾಚಿ, ಪಕ್ಕದಲ್ಲಿ ಸೋಪು ನೀರಿನ ಬಟ್ಟಲಿಟ್ಟು ಪ್ರತಿ ಸಲ ಅದ್ದಿ, ಇಲ್ಲಾಂದ್ರೆ ಹಾರಿಬಿಡುತ್ತೆ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಇದ್ರೆ ಸರಿ, ಬಿಳಚಿಕೊಂಡಿದ್ರೆ ನಾಳೆ ಅನ್ಬೇಡಿ, ಈಗ್ಲೇ ಆಸ್ಪತ್ರೆ, ಮರಿಗಳು ರಕ್ತ ಕಮ್ಮಿಯಾಗಿ ಸತ್ತೇ ಹೋಗುತ್ವೆ. ಹಿಂಭಾಗದ ಹತ್ರ ಅಕ್ಕಿಕಾಳಿನ ತರ ಏನಾದ್ರೂ ಕಂಡ್ರೆ ಲಾಡಿಹುಳ, ಚಿಗಟ ನುಂಗಿದ್ರಿಂದ ಬರೋದು, ಅದಕ್ಕೂ ಔಷಧಿ ಕೇಳಿ.

ಮಿನ್ನಿ_ಮನೆ:
ಟಿಶ್ಯೂ ಕೆಂಪಾಯ್ತು. ಮರಿ ವಸಡು ಬಿಳಿ ಬಿಳಿಯಾಗೇ ಕಾಣ್ತಿದೆ, ಮಿನ್ನಿದು ಪಕ್ಕದಲ್ಲಿಟ್ಟು ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಟವೆಲಲ್ಲಿ ಸುತ್ಕೊಂಡು ಆಟೋ ಹತ್ತಿದೀನಿ, ಪಕ್ಕದ ಮನೆ ಡ್ರಾಪ್ಸ್ ವಾಪಸ್ ಕೊಟ್ಟೆ.