ಸಹಾಯ ಬೇಕು: ರೂಟ್ ಹಕ್ಕಿನಲ್ಲಿ ಓಡುವ ಹಳೆಯ ಸಿ ಪ್ರೋಗ್ರಾಂನಲ್ಲಿ ಬಫರ್ ಓವರ್‌ಫ್ಲೋ

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಸಿ ಬರೆದು ಪಳಗಿದವರು ದಯವಿಟ್ಟು ದಾರಿ ತೋರಿಸಿ.

ಹಳೆಯ ಸೆಟ್‌ಯುಐಡಿ ಪ್ರೋಗ್ರಾಂ ಒಂದನ್ನು ಸರಿಪಡಿಸುವ ಕೆಲಸ ನನಗೆ ಬಂದಿದೆ. ಫೈಲ್ ಮೇಲೆ ಸೆಟ್‌ಯುಐಡಿ ಬಿಟ್ ಇರುವುದರಿಂದ, ಯಾವ ಬಳಕೆದಾರ ಓಡಿಸಿದರೂ ಅದು ರೂಟ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿಯೇ ಓಡುತ್ತದೆ. ಒಳಗೆ ನೋಡಿದರೆ, ಹೋಮ್ ಎನ್ವಿರಾನ್‌ಮೆಂಟ್ ವೇರಿಯಬಲ್ (ಬಳಕೆದಾರನ ಹೋಮ್ ಫೋಲ್ಡರ್‌ನ ಪಾತ್) ಅನ್ನು 256 ಬೈಟ್‌ಗಳ ಬಫರ್‌ಗೆ (ಮೆಮೊರಿಯಲ್ಲಿ ಕಾದಿಟ್ಟ ಜಾಗ) ಸ್ಟ್ರ್‌ಕಾಪಿ ಫಂಕ್ಷನ್‌ನಿಂದ ನಕಲು ಮಾಡಿದ್ದಾರೆ. ಉದ್ದದ ತಪಾಸಣೆಯೇ ಇಲ್ಲ. ಆ ವೇರಿಯಬಲ್‌ಗೆ ಬಳಕೆದಾರ ಏನು ಬೇಕಾದರೂ ತುಂಬಬಹುದು ಅಲ್ವಾ? 400 ಅಕ್ಷರ ಕೊಟ್ಟೆ, ಕ್ರ್ಯಾಶ್ ಆಯಿತು. ನಿಜಕ್ಕೂ ಭಯವಾಯಿತು.

ಮೊದಲು, ಮಿತಿ ಹಾಕಿ ನಕಲು ಮಾಡುವ ಸ್ಟ್ರ್‌ಎನ್‌ಕಾಪಿ ಹಾಕೋಣ ಅಂದುಕೊಂಡೆ. ಆದರೆ ಬಫರ್ ತುಂಬಿದರೆ ಅದು, ಪಠ್ಯ ಮುಗಿಯಿತು ಎಂದು ತೋರಿಸುವ ಕೊನೆಯ ಸೊನ್ನೆ ಬೈಟ್ ಇಡುವುದಿಲ್ಲ. ಹಾಗಾಗಿ, ಗಾತ್ರ ಮೀರದೆ ಬರೆದು ಆ ಸೊನ್ನೆಯನ್ನೂ ಇಡುವ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿದೆ. ಈಗ ಇನ್ನೊಂದು ಚಿಂತೆ: ಉದ್ದದ ಪಾತ್ ಅರ್ಧಕ್ಕೆ ಕತ್ತರಿಸಿದರೆ, ರೂಟ್ ಹಕ್ಕಿನಲ್ಲಿ ಬೇರೆಯೇ ಫೈಲ್ ತೆರೆದುಬಿಡಬಹುದು. ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ವಾಪಸ್ ಬರುವ ಸಂಖ್ಯೆ (ಪೂರ್ತಿ ಪಠ್ಯದ ಉದ್ದ) ಬಫರ್ ಗಾತ್ರದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ನಿಲ್ಲಿಸುತ್ತಿದ್ದೇನೆ. ಇಷ್ಟು ಸಾಕೇ?

ಸ್ಟ್ಯಾಕ್ ಪ್ರೊಟೆಕ್ಟರ್ (ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿನ ಓವರ್‌ಫ್ಲೋ ಹಿಡಿಯುವ ಕಂಪೈಲರ್ ಆಯ್ಕೆ) ಆನ್ ಮಾಡಿದರೆ ಸಾಕು, ಸುಮ್ನೆ ತಲೆಕೆಡಿಸಿಕೊಳ್ಳಬೇಡ ಅಂತಾರೆ ಜೊತೆಗಿರುವವರು. ನನಗೆ ಒಪ್ಪಿಗೆಯಿಲ್ಲ. 2021ರಲ್ಲಿ ಸುಡೋದಲ್ಲಿ (ಬೇರೆ ಬಳಕೆದಾರನ, ಸಾಮಾನ್ಯವಾಗಿ ರೂಟ್‌ನ, ಹಕ್ಕಿನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಬಯಲಾದ ಓವರ್‌ಫ್ಲೋ ದೋಷ ಹೀಪ್ ಎಂಬ ಬೇರೆ ಮೆಮೊರಿ ಭಾಗದಲ್ಲಿತ್ತು, ಸ್ಟ್ಯಾಕ್‌ನಲ್ಲಲ್ಲ; ಅಂಥದ್ದನ್ನು ಈ ಪ್ರೊಟೆಕ್ಟರ್ ಹಿಡಿಯುವುದಿಲ್ಲ. ಸುಮಾರು ಹತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುಖ್ಯ ಪ್ರಶ್ನೆ ಇದು. ಪ್ರೋಗ್ರಾಂಗೆ ರೂಟ್ ಬೇಕಿರುವುದು ಒಂದು ಡಿವೈಸ್ ಫೈಲ್ ತೆರೆಯಲು ಮಾತ್ರ. ಶುರುವಿನಲ್ಲೇ ಅದನ್ನು ತೆರೆದು, ಗ್ರೂಪ್ ಮತ್ತು ಬಳಕೆದಾರನ ಗುರುತು ಬದಲಿಸುವ ಸೆಟ್‌ಗ್ರೂಪ್ಸ್, ಸೆಟ್‌ಜಿಐಡಿ, ಕೊನೆಗೆ ಸೆಟ್‌ಯುಐಡಿ ಫಂಕ್ಷನ್‌ಗಳನ್ನು ಕರೆದು ಹಕ್ಕು ಬಿಟ್ಟುಕೊಡಲೇ? ಅಥವಾ ಡಿವೈಸ್‌ಗೆ ಪ್ರತ್ಯೇಕ ಗ್ರೂಪ್ ಮಾಡಿ ಸೆಟ್‌ಯುಐಡಿ ಬಿಟ್ ಅನ್ನೇ ತೆಗೆದುಹಾಕಲೇ? ಎರಡನೆಯದೇ ಒಳ್ಳೆಯದು ಅನಿಸುತ್ತದೆ. ಹೀಗೆ ಬದಲಾಯಿಸಿದವರು ಯಾರಾದರೂ ಇದ್ದರೆ, ಎಲ್ಲಿ ತೊಡಕಾಯಿತು ಹೇಳಿ.