2008ರ ಕೇಮನ್ ಎಸ್ ಬಫಲೋದಲ್ಲೇ ನಿಂತಿದೆ: ಟೈಟಲ್‌ನಲ್ಲಿ ಹಳೆಯ ಸಾಲ, ರಫ್ತು ದಾಖಲೆಯಲ್ಲಿ ತಪ್ಪು ಚಾಸಿ ಸಂಖ್ಯೆ (ಪರಿಹಾರವಾಗಿದೆ)

ಹಾಲ್ಟನ್_ಹಳ್ಳಿಗ, 2023 ಮೇ 17

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ಒಂಟಾರಿಯೊದ ಮಿಲ್ಟನ್‌ನಲ್ಲಿದ್ದೇನೆ. ಪೆನ್ಸಿಲ್ವೇನಿಯಾದ ಖಾಸಗಿ ಮಾಲೀಕರೊಬ್ಬರಿಂದ 2008ರ ಮಾದರಿಯ ಪೋರ್ಷೆ ಕೇಮನ್ ಎಸ್ ಕಾರನ್ನು 27,500 ಅಮೆರಿಕನ್ ಡಾಲರಿಗೆ ಕೊಂಡು, ಪೂರ್ತಿ ಹಣ ಕೊಟ್ಟು, ಅಲ್ಲಿಯ ನಿಯಮದಂತೆ ನೋಟರಿಯ ಎದುರು ಟೈಟಲ್‌ಗೆ, ಅಂದರೆ ಕಾರಿನ ಮಾಲೀಕತ್ವದ ಪತ್ರಕ್ಕೆ, ಸಹಿ ಹಾಕಿಸಿಕೊಂಡು, ನಿನ್ನೆ ಬಾಡಿಗೆ ಟ್ರೇಲರ್ ಮೇಲೆ ಅದನ್ನು ಗಡಿಗೆ ತಂದೆ. ಅಮೆರಿಕದ ಕಡೆಯ ರಫ್ತು ಕಚೇರಿಯಲ್ಲಿ ಕಾಗದಗಳನ್ನು ನೋಡಿದ ಅಧಿಕಾರಿ, ಕಾರನ್ನು ಹೊರಗೆ ಬಿಡಲಾಗುವುದಿಲ್ಲವೆಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು.

ಅವರು ಕೊಟ್ಟ ಕಾರಣಗಳು ಎರಡು. ಟೈಟಲ್‌ನ ಮುಂಬದಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಅಚ್ಚಾಗಿದೆ, ಆದರೆ ಅದರ ಕೆಳಗೆ ಸಾಲ ತೀರಿದೆ ಎಂದು ಬ್ಯಾಂಕಿನವರು ಸಹಿ ಮಾಡಬೇಕಾದ ಜಾಗ ಖಾಲಿ ಇದೆ. ಮಾರಿದವರು ಸಾಲ 2014ರಲ್ಲೇ ತೀರಿತೆಂದು ಹೇಳುತ್ತಾರೆ. ಆ ಬ್ಯಾಂಕು ಈಗ ಆ ಹೆಸರಿನಲ್ಲಿ ಅಸ್ತಿತ್ವದಲ್ಲೇ ಇಲ್ಲ. ಎರಡನೆಯದಾಗಿ, ನನ್ನ ಪರವಾಗಿ ಏಜೆಂಟರೊಬ್ಬರು ಸಲ್ಲಿಸಿದ ರಫ್ತು ಘೋಷಣೆಯಲ್ಲಿ ಇರುವ ಚಾಸಿ ಸಂಖ್ಯೆ ಟೈಟಲ್‌ನ ಸಂಖ್ಯೆಗೆ ಹೊಂದುತ್ತಿಲ್ಲವಂತೆ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಟೈಟಲ್‌ನ ಎರಡೂ ಬದಿಯ ನಕಲನ್ನು ನಿಯಮದಂತೆ 72 ಗಂಟೆ ಮೊದಲೇ ರಫ್ತು ಕಚೇರಿಗೆ ಕಳಿಸಿದ್ದೆ. ಅದಕ್ಕೆ ಉತ್ತರ ಬಾರದಿದ್ದುದನ್ನೇ ಒಪ್ಪಿಗೆ ಎಂದುಕೊಂಡದ್ದು ನನ್ನ ತಪ್ಪು. ಕಾರು ಈಗ ಬಫಲೋ ಪಕ್ಕದ ಆಮ್ಹರ್ಸ್ಟ್‌ನಲ್ಲಿ ಸ್ನೇಹಿತರ ಗ್ಯಾರೇಜಿನಲ್ಲಿದೆ. ಪೆನ್ಸಿಲ್ವೇನಿಯಾದಲ್ಲಿ ನಂಬರ್ ಪ್ಲೇಟು ಮಾಲೀಕರ ಬಳಿಯೇ ಉಳಿಯುವುದರಿಂದ ಅದನ್ನು ಅವರು ಬಿಚ್ಚಿಕೊಂಡಿದ್ದಾರೆ, ಹಾಗಾಗಿ ಓಡಿಸುವಂತೆಯೂ ಇಲ್ಲ. ಕೆನಡಾದ ಕಡೆ ತೊಂದರೆ ಇರಲಾರದು, ಏಕೆಂದರೆ ಕಾರಿಗೆ 15 ವರ್ಷ ತುಂಬಿದೆ, ಅಷ್ಟು ಹಳೆಯ ಕಾರಿಗೆ ಅಲ್ಲಿಯ ಆಮದು ನೋಂದಣಿಯಿಂದ ವಿನಾಯಿತಿ ಇದೆ. ಎಂಜಿನ್ ಬಗ್ಗೆ ದಯವಿಟ್ಟು ಯಾರೂ ಕೇಳಬೇಡಿ, ಅದನ್ನು ನೋಡಿಸಿಯೇ ಕೊಂಡಿದ್ದೇನೆ. ಮುಂದೇನು ಮಾಡಲಿ?

ಎರೀ_ದಂಡೆ, 2023 ಮೇ 17

ಹಳ್ಳಿಗರೇ, ಮೊದಲು ಸಾಲದ ವಿಷಯ ನೋಡೋಣ, ಏಕೆಂದರೆ ಹೆಚ್ಚು ದಿನ ಹಿಡಿಯುವುದು ಅದೇ. ನಮ್ಮ ಊರಿನಲ್ಲಿ ಕಂತು ಮುಗಿದ ಮೇಲೂ ಆರ್‌ಸಿಯಲ್ಲಿ ಹೈಪೋಥಿಕೇಶನ್ (ಸಾಲದ ನಮೂದು) ತೆಗೆಸದೆ ಬಿಟ್ಟ ಗಾಡಿಯ ಕತೆಯೇ ಇದು. ಸಾಲ ತೀರಿರಬಹುದು, ಆದರೆ ಕಾಗದದ ಮಟ್ಟಿಗೆ ಆ ಕಾರಿನ ಮೇಲೆ ಇನ್ನೊಬ್ಬರ ಹಕ್ಕು ಉಳಿದಿದೆ. ಅಮೆರಿಕದ ರಫ್ತು ನಿಯಮದ ಪ್ರಕಾರ, ಇನ್ನೊಬ್ಬರ ಹಕ್ಕು ನಮೂದಾಗಿರುವ ವಾಹನವನ್ನು ದೇಶದಿಂದ ಹೊರಗೆ ಒಯ್ಯಬೇಕಾದರೆ ಆ ಹಕ್ಕುದಾರರು ತಮ್ಮ ಲೆಟರ್‌ಹೆಡ್‌ನಲ್ಲಿ, ಕಾರಿನ ವಿವರ ಮತ್ತು ಚಾಸಿ ಸಂಖ್ಯೆ ಬರೆದು, ರಫ್ತಿಗೆ ತಮ್ಮ ಒಪ್ಪಿಗೆ ಇದೆಯೆಂದು ಮೂಲ ಸಹಿಯೊಂದಿಗೆ ಪತ್ರ ಕೊಡಬೇಕು. ಸಾಲವೇ ತೀರಿದ್ದರೆ ಸಾಲಮುಕ್ತಿಯ ಪತ್ರ. ಮಾರಿದವರು ನಿಮಗೆ ವಾಟ್ಸಾಪ್‌ನಲ್ಲಿ ಕಳಿಸುವ ಹಳೆಯ ಖಾತೆಯ ಚಿತ್ರದಿಂದ ಏನೂ ಆಗುವುದಿಲ್ಲ.

ಬ್ಯಾಂಕು ಇಲ್ಲವಾಗಿದೆ ಎಂದರೆ ಬಹುಮಟ್ಟಿಗೆ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿದೆ ಎಂದೇ ಅರ್ಥ. ಅಮೆರಿಕದ ಠೇವಣಿ ವಿಮಾ ನಿಗಮವಾದ ಎಫ್‌ಡಿಐಸಿಯ ಜಾಲತಾಣದಲ್ಲಿ ಬ್ಯಾಂಕುಗಳನ್ನು ಹುಡುಕುವ ಪುಟವಿದೆ. ಹಳೆಯ ಹೆಸರು ಕೊಟ್ಟರೆ ಅದು ಯಾವ ವರ್ಷ ಯಾರ ಕೈಗೆ ಹೋಯಿತೆಂಬುದು ತಿಳಿಯುತ್ತದೆ. ಆ ಉತ್ತರಾಧಿಕಾರಿ ಬ್ಯಾಂಕಿನಲ್ಲಿ ವಾಹನ ಸಾಲದ ವಿಭಾಗಕ್ಕೆ ಮಾತನಾಡಬೇಕಾದವರು ಮಾರಿದವರೇ ಹೊರತು ನೀವಲ್ಲ, ಏಕೆಂದರೆ ಸಾಲಗಾರರು ಅವರು, ನಿಮಗೆ ಬ್ಯಾಂಕಿನವರು ಬಾಯಿ ಬಿಡುವುದಿಲ್ಲ. ಅವರು ಒಳ್ಳೆಯ ಮನುಷ್ಯರಾಗಿದ್ದರೆ ಒಂದೆರಡು ವಾರದಲ್ಲಿ ಪತ್ರ ಬರುತ್ತದೆ. ಪೂರ್ತಿ ಹಣ ಕೊಡುವ ಮೊದಲೇ ಟೈಟಲ್‌ನ ಮುಂಬದಿಯನ್ನು ಓದಿದ್ದರೆ ಈ ಕೆಲಸ ಅವರ ತುರ್ತಾಗಿರುತ್ತಿತ್ತು, ಈಗ ನಿಮ್ಮ ತುರ್ತಾಗಿದೆ. ಕೋಪಿಸಿಕೊಳ್ಳಬೇಡಿ, 2019ರಲ್ಲಿ ನಾನೂ ಪೋರ್ಷೆ 911 ತರುವಾಗ ಎಂಜಿನ್ ನಂಬರನ್ನು ಭೂತಗನ್ನಡಿ ಹಿಡಿದು ಓದಿ, ಟೈಟಲ್ ಅನ್ನು ಮಡಚಿ ಜೇಬಿಗಿಟ್ಟವಳೇ.

ನಾಲ್ಕನೇ_ಗೇರು, 2023 ಮೇ 18

ಎರಡನೆಯ ತಕರಾರಿಗೆ ನನ್ನದೊಂದು ಊಹೆ. ಅಮೆರಿಕಕ್ಕೆಂದು ತಯಾರಾದ ಕೇಮನ್‌ನ ಚಾಸಿ ಸಂಖ್ಯೆ ಡಬ್ಲ್ಯೂ, ಪಿ, ಸೊನ್ನೆ ಎಂದು ಆರಂಭವಾಗುತ್ತದೆ. ಮೂರನೆಯದು ಅಂಕಿ, ಅಕ್ಷರವಲ್ಲ. ನಿಮ್ಮ ಏಜೆಂಟರು ಅಲ್ಲಿ ಓ ಅಕ್ಷರವನ್ನು ಒತ್ತಿದ್ದಾರೆಯೇ ನೋಡಿ. ಹದಿನೇಳು ಸ್ಥಾನಗಳ ಚಾಸಿ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳಿಗೆ ಎಲ್ಲಿಯೂ ಜಾಗವಿಲ್ಲ. ಒಂದು ಮತ್ತು ಸೊನ್ನೆಯ ಜೊತೆ ಅವು ಬೆರೆಯಬಾರದೆಂದೇ ಅವನ್ನು ಕೈಬಿಟ್ಟಿದ್ದಾರೆ. ಅಚ್ಚಿನಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಘೋಷಣೆಯ ಕಡತದಿಂದ ಆ ಸಂಖ್ಯೆಯನ್ನು ನಕಲು ಮಾಡಿ ಯಾವುದಾದರೂ ಚಾಸಿ ಸಂಖ್ಯೆ ಪರೀಕ್ಷಿಸುವ ಪುಟದಲ್ಲಿ ಹಾಕಿದರೆ ಉತ್ತರ ಕೂಡಲೇ ಸಿಗುತ್ತದೆ.

ಊಹೆ ನಿಜವಾಗಿದ್ದರೆ ಹೊಸ ಘೋಷಣೆ ಬೇಕಾಗಿಲ್ಲ. ಸಲ್ಲಿಸಿದವರೇ ಅದನ್ನು ತಿದ್ದಬಹುದು ಮತ್ತು ಘೋಷಣೆ ಸಲ್ಲಿಸಿದಾಗ ಸಿಗುವ, ಎಕ್ಸ್ ಅಕ್ಷರದಿಂದ ಆರಂಭವಾಗುವ ಐಟಿಎನ್ ಎಂಬ ಗುರುತಿನ ಸಂಖ್ಯೆ ಮೊದಲಿನದೇ ಉಳಿಯುತ್ತದೆ. ಇದನ್ನು ನೀವೇ ಮಾಡುತ್ತೇನೆಂದು ಹೊರಡಬೇಡಿ. ಅಮೆರಿಕದ ತೆರಿಗೆ ಇಲಾಖೆ ಕೊಡುವ ಉದ್ಯೋಗದಾತರ ಗುರುತಿನ ಸಂಖ್ಯೆ ಇಲ್ಲದ ಹೊರದೇಶದ ಖರೀದಿದಾರರಿಗೆ ಆ ವ್ಯವಸ್ಥೆಯೊಳಗೆ ಪ್ರವೇಶವಿಲ್ಲ, ಅದಕ್ಕೇ ಏಜೆಂಟರು ಬೇಕಾಗುವುದು. ತಿದ್ದಿದ ಮೇಲೆ ಎಲ್ಲ ಕಾಗದಗಳನ್ನೂ ಮತ್ತೆ 72 ಗಂಟೆ ಮೊದಲು ಕಳಿಸಿ, ಈ ಸಲ ಉತ್ತರ ಬರುವ ತನಕ ಟ್ರೇಲರ್ ಬಾಡಿಗೆಗೆ ಹಿಡಿಯಬೇಡಿ. ಮೇ 29ರಂದು ಅಲ್ಲಿ ಮೆಮೋರಿಯಲ್ ಡೇ ರಜೆ ಎಂಬುದೂ ಲೆಕ್ಕದಲ್ಲಿರಲಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ನೀವು ಹಾಗೇ ತೇಲಿಸಿ ಹೇಳಿದ ಮಾತು: "15 ವರ್ಷ ತುಂಬಿದೆ." ಯಾವ ಆಧಾರದ ಮೇಲೆ? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಬರೆದಿರುತ್ತದೆ. ಅದನ್ನು ಓದಿ ಹೇಳಿ.

ಹಾಲ್ಟನ್_ಹಳ್ಳಿಗ, 2023 ಮೇ 18

ಮೇಡಂ, ನಾಲ್ಕನೇ ಗೇರು ಸರ್, ಇಬ್ಬರಿಗೂ ಧನ್ಯವಾದ. ಓ ಅಕ್ಷರವೇ ಸರ್. ಏಜೆಂಟರು ಒಪ್ಪಿಕೊಂಡು ಇಂದೇ ತಿದ್ದುವುದಾಗಿ ಹೇಳಿದ್ದಾರೆ. ಮಾರಿದವರಿಗೂ ಫೋನ್ ಮಾಡಿದೆ, ಬ್ಯಾಂಕಿನ ಬೆನ್ನು ಹತ್ತುತ್ತೇನೆಂದು ಮಾತು ಕೊಟ್ಟಿದ್ದಾರೆ.

ಆಮ್ಹರ್ಸ್ಟ್‌ನ ಸ್ನೇಹಿತರು ಚೀಟಿಯ ಚಿತ್ರ ಕಳಿಸಿದರು. 06/08 ಎಂದಿದೆ. ಚಾಸಿ ಸಂಖ್ಯೆಯ ಹನ್ನೊಂದನೆಯ ಸ್ಥಾನದಲ್ಲಿ ಯು ಇದೆ. ಇದರಿಂದ ಏನಾದರೂ ತೊಂದರೆಯೇ?

ನಾಲ್ಕನೇ_ಗೇರು, 2023 ಮೇ 18

ಯು ಎಂದರೆ ಊಸಿಕೌಪುಂಕಿ. ನಿಮ್ಮ ಕಾರು ಜರ್ಮನಿಯ ಸ್ಟುಟ್‌ಗಾರ್ಟ್‌ನದಲ್ಲ, ಫಿನ್ಲೆಂಡಿನ ಆ ಊರಿನಲ್ಲಿ ವಾಲ್ಮೆಟ್ ಕಾರ್ಖಾನೆಯವರು ಪೋರ್ಷೆಗಾಗಿ ಜೋಡಿಸಿದ್ದು. ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು 06/08ರಲ್ಲಿ, ಅಂದರೆ 2008ರ ಜೂನ್‌ನಲ್ಲಿ.

ಕೆನಡಾ 15 ವರ್ಷವನ್ನು ಎಣಿಸುವುದು ಮಾದರಿಯ ವರ್ಷದಿಂದಲ್ಲ, ತಯಾರಿ ಮುಗಿದ ತಿಂಗಳು ಮತ್ತು ವರ್ಷದಿಂದ. ಅಂದರೆ ನಿನ್ನೆ ಮೊನ್ನೆ ನಿಮ್ಮ ಕಾರು ಇನ್ನೂ ಹದಿನಾಲ್ಕರ ಹುಡುಗ. ಆ ಅಧಿಕಾರಿ ಅದನ್ನು ಅಮೆರಿಕದಿಂದ ಬಿಟ್ಟುಬಿಟ್ಟಿದ್ದರೆ, ಗಡಿ ಸೇತುವೆಯ ಈಚೆ, ಕೆನಡಾದ ಬದಿಯಲ್ಲಿ ಅದನ್ನು ಆರ್‌ಐವಿ ಎಂಬ ಆಮದು ವಾಹನಗಳ ನೋಂದಣಿ ವ್ಯವಸ್ಥೆಗೆ ಒಪ್ಪಿಸುತ್ತಿದ್ದರು. ಅದಕ್ಕೆ ಮುನ್ನೂರು ಡಾಲರಿಗೂ ಮಿಕ್ಕಿದ ಶುಲ್ಕವಿದೆ. ಬಾಕಿ ರೀಕಾಲ್ (ದೋಷ ಸರಿಪಡಿಸಲು ತಯಾರಕರು ಕೊಡುವ ಕರೆ) ಯಾವುದೂ ಇಲ್ಲವೆಂಬ ದಾಖಲೆ ತಯಾರಕರಿಂದ ಬರಬೇಕು, ಅಲ್ಲಿಯ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾದ ಪಟ್ಟಿಯಲ್ಲಿ ಆ ಮಾದರಿಯ ಎದುರಿನ ಷರಾ ಓದಬೇಕು, ಹಗಲು ಉರಿಯುವ ದೀಪ ಇಲ್ಲದಿದ್ದರೆ ಹಾಕಿಸಬೇಕು, 45 ದಿನಗಳೊಳಗೆ ಕೆನಡಿಯನ್ ಟೈರ್ ಅಂಗಡಿಯಲ್ಲಿ ತಪಾಸಣೆ ಮುಗಿಸಬೇಕು. 2007ರ ಸೆಪ್ಟೆಂಬರ್ 1ರ ನಂತರ ತಯಾರಾದ ಕಾರುಗಳಿಗೆ ಕೆನಡಾದ ಮಾನದಂಡದ ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಸಾಧನ) ಕೂಡ ಬೇಕು, ನಿಮ್ಮದು ಆ ಗೆರೆಯ ಈಚೆಗಿದೆ.

ಜೂನ್ ಬಂದರೆ ಇದಾವುದೂ ಇಲ್ಲ. ಸಾಲಮುಕ್ತಿ ಪತ್ರಕ್ಕಾಗಿ ಹೇಗೂ ಕಾಯಬೇಕು, ಮೇ ಮುಗಿಯುವ ತನಕ ಕಾರನ್ನು ಅಲುಗಿಸಬೇಡಿ. ನಿಮ್ಮನ್ನು ಹಿಂದಕ್ಕೆ ಕಳಿಸಿದ ಅಧಿಕಾರಿ ತಿಳಿಯದೆಯೇ ನಿಮಗೆ ಉಪಕಾರ ಮಾಡಿದ್ದಾರೆ. ಆದರೂ ರೀಕಾಲ್ ಬಾಕಿ ಇದೆಯೇ ಎಂದು ನಿಮ್ಮ ಸಮಾಧಾನಕ್ಕಾಗಿ ನೋಡಿ. ನಿಯಮ ಕೇಳದಿದ್ದ ಮಾತ್ರಕ್ಕೆ ಕೆಟ್ಟ ಭಾಗ ಒಳ್ಳೆಯದಾಗುವುದಿಲ್ಲ.

ಕಾಫಿಪುಡಿ, 2023 ಮೇ 19

ಕೇಳಬೇಡಿ ಎಂದರೂ ಕೇಳುತ್ತೇನೆ, ಕ್ಷಮಿಸಿ. 3.4 ಲೀಟರಿನ ಈ ಎಂಜಿನ್‌ನಲ್ಲಿ ಸಿಲಿಂಡರಿನ ಒಳಗೋಡೆಗೆ ಗೀರು ಬೀಳುವುದು ಹೆಸರಾದ ಕಾಯಿಲೆ. ಕ್ಯಾಮೆರಾ ಬಿಟ್ಟು ನೋಡಿದ್ದು ಮೇಲಿನಿಂದಲೋ ಕೆಳಗಿನಿಂದಲೋ?

ಹಾಲ್ಟನ್_ಹಳ್ಳಿಗ, 2023 ಮೇ 19

ಎರಡೂ ಕಡೆಯಿಂದ ಸರ್. ಸ್ಪಾರ್ಕ್ ಪ್ಲಗ್ ರಂಧ್ರದಿಂದ ನೋಡಿ, ಆಮೇಲೆ ಆಯಿಲ್ ಸಂಪ್ ಬಿಚ್ಚಿಸಿ ಕೆಳಗಿನಿಂದಲೂ ನೋಡಿಸಿದೆ, ಏಕೆಂದರೆ ಗೀರು ಕೆಳಭಾಗದಲ್ಲಿ ಆರಂಭವಾದರೆ ಮೇಲಿನಿಂದ ಕಾಣುವುದಿಲ್ಲ. ಆರೂ ಸಿಲಿಂಡರುಗಳಲ್ಲಿ ಹೋನಿಂಗ್‌ನ (ತಯಾರಿಯಲ್ಲಿ ಒಳಗೋಡೆ ಉಜ್ಜಿದ) ಅಡ್ಡಗೆರೆಗಳು ಸ್ಪಷ್ಟವಾಗಿದ್ದವು. ಸಂಪ್‌ನ ತಳದಲ್ಲಿ ಲೋಹದ ಚೂರುಗಳಿರಲಿಲ್ಲ. ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಮಧ್ಯದ ದಂಡದ್ದು) ಈ ವರ್ಷಗಳ ಕಾರಿನಲ್ಲಿ ದೊಡ್ಡ ಗಾತ್ರದ್ದು; ಎಂಜಿನ್ ಕೇಸನ್ನೇ ಇಬ್ಭಾಗ ಮಾಡದೆ ಹೊರಗೆ ಬಾರದು, ಹಾಗಾಗಿ ಅದನ್ನು ದೇವರಿಗೆ ಬಿಟ್ಟಿದ್ದೇನೆ. ದಯವಿಟ್ಟು ಕಾಗದದ ವಿಷಯಕ್ಕೆ ಮರಳೋಣ. ಗಡಿಯಲ್ಲಿ ಎಷ್ಟು ಹಣ ಕಟ್ಟಬೇಕಾಗಬಹುದು? ಯುರೋಪಿನ ಕಾರಿಗೆ ಒಪ್ಪಂದದಡಿ ಸುಂಕವಿಲ್ಲವೆಂದು ಒಬ್ಬರು ಹೇಳಿದರು.

ಎರೀ_ದಂಡೆ, 2023 ಮೇ 20

ಆ ಆಸೆ ಬಿಡಿ. ಯುರೋಪಿನೊಂದಿಗಿನ ಸೀಟಾ ಒಪ್ಪಂದದ ವಿನಾಯಿತಿ ಬೇಕಾದರೆ ಯುರೋಪಿನ ರಫ್ತುದಾರರ ಮೂಲದ ಘೋಷಣೆ ಬೇಕು. ಅಮೆರಿಕದಲ್ಲಿ ಹದಿನೈದು ವರ್ಷ ಓಡಾಡಿ ಖಾಸಗಿಯವರ ಕೈಯಿಂದ ಬಂದ ಕಾರಿಗೆ ಅದನ್ನು ಯಾರು ಕೊಡುತ್ತಾರೆ? ಉತ್ತರ ಅಮೆರಿಕದಲ್ಲಿ ತಯಾರಾಗಿಲ್ಲದ ಕಾರಣ ಅಲ್ಲಿಯ ಒಪ್ಪಂದವೂ ಅನ್ವಯಿಸದು. ಉಳಿಯುವುದು 6.1 ಪ್ರತಿಶತ ಸುಂಕ.

ಅಮೆರಿಕನ್ ಡಾಲರಿಗೆ 1.35ರಂತೆ ಹಿಡಿದರೆ ನಿಮ್ಮ ಕಾರಿನ ಬೆಲೆ 37,125 ಕೆನಡಿಯನ್ ಡಾಲರ್. ಸುಂಕ 2,264.63, ಎ.ಸಿ. ಇರುವುದಕ್ಕೆ ಅಬಕಾರಿ 100, ಇವೆಲ್ಲ ಸೇರಿದ ಮೊತ್ತದ ಮೇಲೆ 5 ಪ್ರತಿಶತ ಜಿಎಸ್‌ಟಿ 1,974.48. ಒಟ್ಟು 4,339 ಡಾಲರ್ ಚಿಲ್ಲರೆ. ಒಂಟಾರಿಯೊದ 8 ಪ್ರತಿಶತ ತೆರಿಗೆಯನ್ನು ಗಡಿಯಲ್ಲಿ ಕೇಳುವುದಿಲ್ಲ, ಪ್ರಾಂತ್ಯದ ಸೇವಾ ಕಚೇರಿಯಾದ ಸರ್ವಿಸ್ ಒಂಟಾರಿಯೊದಲ್ಲಿ ನೋಂದಾಯಿಸುವಾಗ ವಸೂಲು ಮಾಡುತ್ತಾರೆ. ಅದಕ್ಕೆ ಇನ್ನೊಂದು ಮೂರು ಸಾವಿರ ತೆಗೆದಿಡಿ. ಕಳೆದ ಸೆಪ್ಟೆಂಬರಿನಲ್ಲಿ ಬಂದ ಐಷಾರಾಮಿ ತೆರಿಗೆ ಒಂದು ಲಕ್ಷ ಡಾಲರ್ ಮೀರಿದ, 2018ರ ನಂತರ ತಯಾರಾದ ಕಾರುಗಳಿಗೆ ಮಾತ್ರ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸುವ ಬುದ್ಧಿ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಬ್ಯಾಂಕಿನಿಂದ ಹಣ ಹೋದ ರಸೀದಿ ತೋರಿಸಿ ಎಂದರೆ ಕಾರೇ ಜಪ್ತಿಯಾಗುತ್ತದೆ.

ಮಲ್ಲೇಶ್ವರ_ಎಂಟನೇ_ಅಡ್ಡರಸ್ತೆ, 2023 ಮೇ 21

ನಡುವೆ ಬಾಯಿ ಹಾಕುತ್ತಿದ್ದೇನೆ. ಇಂಥದೇ ಕಾರನ್ನು ಬೆಂಗಳೂರಿಗೆ ತರಿಸಲು ಸಾಧ್ಯವೇ?

ನಾಲ್ಕನೇ_ಗೇರು, 2023 ಮೇ 21

ಇಲ್ಲ ಸರ್. ಭಾರತದಲ್ಲಿ ಬಳಸಿದ ಕಾರಿನ ಆಮದಿಗೆ ನಿಯಮ ತಿರುಗುಮುರುಗು. ಅಲ್ಲಿ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬಯಿ ಬಂದರಿನಿಂದಲೇ ಬರಬೇಕು. ಇದು ಎಡಗಡೆಯದು, ವಯಸ್ಸೂ ಮೀರಿದೆ.

ಹಾಲ್ಟನ್_ಹಳ್ಳಿಗ, 2023 ಜೂನ್ 8

ಕಾರು ಮನೆಗೆ ಬಂದಿದೆ. ಮುಂದೆ ಇದೇ ದಾರಿಯಲ್ಲಿ ಬರುವವರಿಗೆಂದು ನಡೆದದ್ದನ್ನು ಬರೆಯುತ್ತೇನೆ.

ಬ್ಯಾಂಕು ಎರಡು ಸಲ ಕೈ ಬದಲಾಗಿತ್ತು. ಮೊದಲ ಉತ್ತರಾಧಿಕಾರಿಗೆ ಫೋನ್ ಮಾಡಿ ಮಾರಿದವರು ನಾಲ್ಕು ದಿನ ಕಳೆದರು, ಆಮೇಲೆ ಎಫ್‌ಡಿಐಸಿ ಪುಟದಲ್ಲಿ ಇನ್ನೊಂದು ಸಾಲು ಕೆಳಗೆ ಓದಿದಾಗ ಎರಡನೆಯ ವಿಲೀನ ಸಿಕ್ಕಿತು. ಸಾಲಮುಕ್ತಿ ಪತ್ರ ಮೇ 30ರಂದು ಕೊರಿಯರ್‌ನಲ್ಲಿ ಬಂತು. ಅದರಲ್ಲಿ ಮೂಲ ಹೆಸರಿನಿಂದ ಈಗಿನ ಹೆಸರಿನವರೆಗೆ ಬ್ಯಾಂಕು ಬದಲಾದ ಕ್ರಮವನ್ನೂ ಬರೆಸಿಕೊಳ್ಳಿ ಎಂದು ಎರೀ ದಂಡೆ ಮೇಡಂ ಖಾಸಗಿಯಾಗಿ ಸೂಚಿಸಿದ್ದರು. ರಫ್ತು ಕಚೇರಿಯ ಅಧಿಕಾರಿ ಮೊದಲು ಬೆರಳಿಟ್ಟು ಓದಿದ್ದು ಆ ಸಾಲನ್ನೇ. ಕಾಗದಗಳನ್ನು ಜೂನ್ 1ರಂದು ಕಳಿಸಿ, ಸರಿ ಇವೆಯೆಂಬ ಉತ್ತರ ಕೈಗೆ ಬಂದ ಮೇಲೆ ಟ್ರೇಲರ್ ಹಿಡಿದೆ.

ಜೂನ್ 6ರ ಬೆಳಿಗ್ಗೆ ಅಮೆರಿಕದ ಕಡೆ ಗಾಜಿನ ಕೆಳಗಿನ ಚಾಸಿ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಓದಿ ಟೈಟಲ್‌ಗೆ ಮುದ್ರೆ ಒತ್ತಿದರು. ಕೆನಡಾದ ಕಡೆ ಇದ್ದ ಅಧಿಕಾರಿ ನನ್ನ ಕ್ರಯಪತ್ರವನ್ನು ಬದಿಗಿಟ್ಟು ನೇರವಾಗಿ ಟ್ರೇಲರ್ ಹತ್ತಿ, ಅರ್ಧವೇ ತೆರೆದ ಬಾಗಿಲಿನ ಸಂದಿಯಲ್ಲಿ ತಲೆ ತೂರಿಸಿ, ಫೋನಿನ ಬೆಳಕಿನಲ್ಲಿ 06/08 ಓದಿಕೊಂಡು ಇಳಿದರು. ಆಮದು ನಮೂನೆಯಲ್ಲಿ ವಯಸ್ಸಿನ ವಿನಾಯಿತಿಯ ಚೌಕಕ್ಕೆ ಗುರುತು ಬಿತ್ತು. ಆ ದಿನದ ವಿನಿಮಯ ದರದಲ್ಲಿ ಕಟ್ಟಿದ ಹಣ ಮೇಡಂ ಹೇಳಿದ್ದಕ್ಕಿಂತ ತುಸು ಕಡಿಮೆಯೇ ಆಯಿತು.

ಇನ್ನು ಉಳಿದಿರುವುದು ಒಂಟಾರಿಯೊದ ಸುರಕ್ಷತಾ ಪ್ರಮಾಣಪತ್ರ. ನಿನ್ನೆ ಮೆಕ್ಯಾನಿಕ್ ಮುಂದಿನ ಎಡಗಡೆಯ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಕಾರಿಗೆ ಜೋಡಿಸುವ ತೋಳಿನ) ರಬ್ಬರ್ ಬಿರುಕು ಬಿಟ್ಟಿದೆಯೆಂದು ತೋರಿಸಿದರು. ಭಾಗ ತರಿಸಿದ್ದೇನೆ, ಸೋಮವಾರ ಬರುತ್ತದೆ. ಅಲ್ಲಿಯ ತನಕ ಕಾರು ನಂಬರ್ ಪ್ಲೇಟಿಲ್ಲದೆ ಗ್ಯಾರೇಜಿನಲ್ಲಿದೆ, ಮಗಳು ಪ್ರತಿದಿನ ಶಾಲೆಯಿಂದ ಬಂದು ಸೀಟಿನಲ್ಲಿ ಕೂತು ಗೇರು ಬದಲಿಸುತ್ತಿದ್ದಾಳೆ.