ಸಹಾಯ ಬೇಕು: ಅಗ್ನಿವೀರ್ ಟ್ರೇಡ್ಸ್‌ಮನ್, ಕೇಳಿದ್ದು ಶೆಫ್, ಕೊಟ್ಟಿದ್ದು ವಾಷರ್‌ಮನ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೇನೆಯ ಅಗ್ನಿವೀರ್ ಟ್ರೇಡ್ಸ್‌ಮನ್‌ಗೆ (ಅಡುಗೆ, ಬಟ್ಟೆ ಒಗೆಯೋದು ಥರದ ಕೆಲಸಗಳ ಹುದ್ದೆ, 10ನೇ ತರಗತಿ ಪಾಸ್) ಆಯ್ಕೆಯಾಗಿದ್ದಾನೆ. ಅಡುಗೆ ಕೆಲಸ ಗೊತ್ತು ಅಂತ ಶೆಫ್ ಕೇಳಿದ್ದ. ಕಾಲ್ ಲೆಟರ್‌ನಲ್ಲಿ ಟ್ರೇಡ್ (ಕೆಲಸದ ವಿಭಾಗ) ಎದುರು ‘ವಾಷರ್‌ಮನ್’ (ಬಟ್ಟೆ ಒಗೆಯೋ ಕೆಲಸ) ಅಂತಿದೆ. ಟ್ರೈನಿಂಗ್ ಸೆಂಟರ್‌ಗೆ ಇನ್ನೂ ರಿಪೋರ್ಟ್ ಮಾಡಿಲ್ಲ.

ನೇಮಕಾತಿ ಕಚೇರಿಗೆ ಅರ್ಜಿ ಕೊಟ್ಟೆವು, ಊರಿನ ಮಾಜಿ ಸುಬೇದಾರರನ್ನೂ ಕೇಳಿದೆವು. ಖಾಲಿ ಜಾಗ ನೋಡಿ ಹಂಚ್ತಾರೆ ಅನ್ನೋದೇ ಇಬ್ಬರ ಉತ್ತರ. ಯಾವ ಯೂನಿಟ್‌ಗೆ ಬೇಕಾದರೂ ಹಾಕಬಹುದು ಅಂತ ಷರತ್ತಿನಲ್ಲೇ ಇರೋದರಿಂದ ಅದಕ್ಕೆ ತಕರಾರಿಲ್ಲ. ಆದರೆ ಒಮ್ಮೆ ಸೇರಿದರೆ, ತೀರಾ ವಿಶೇಷ ಸಂದರ್ಭ ಬಿಟ್ಟು, 4 ವರ್ಷಕ್ಕೆ ಮೊದಲು ಸ್ವಂತ ಇಚ್ಛೆಯಿಂದ ಹೊರಬರೋಕಾಗಲ್ಲ. ಆಮೇಲೂ ಉಳಿಸಿಕೊಳ್ಳೋದು ಗರಿಷ್ಠ 25% ಮಂದಿಯನ್ನ. ಅದಕ್ಕೇ ಆತಂಕ.

ಸೆಂಟರ್‌ನಲ್ಲಿ ಟ್ರೇಡ್ ಬದಲಾವಣೆಗೆ ಅರ್ಜಿ ತಗೋತಾರಾ? ತಗೊಂಡರೆ ಯಾರ ಮೂಲಕ, ಟ್ರೈನಿಂಗ್‌ನ ಯಾವ ಹಂತದೊಳಗೆ? ಈಗ ಸೇರದೆ ಬಿಟ್ಟರೆ ಮುಂದಿನ ವರ್ಷದ ಜಿಡಿ (ಜನರಲ್ ಡ್ಯೂಟಿ, ಸಾಮಾನ್ಯ ಸೈನಿಕ) ಭರ್ತಿಗೆ ಅಡ್ಡಿಯಾಗುತ್ತಾ? ಸೇವೆಯಲ್ಲಿರೋರು ದಯವಿಟ್ಟು ತಿಳಿಸಿ.